ಶುರು ಮಾಡವ್ವ

ಹೋದ ಸಲ ಬಂದವರು ಗಂಡಸರು.
ಸಾಬಮ್ಮ ಅಂಗೈ ತೋರಿಸ್ಯಾಳ, ಮುಂಗೈ ತೋರಿಸ್ಯಾಳ,
ಬೆನ್ನು ತೋರಿಸಿಲ್ಲ.
ರಿಜಿಸ್ಟರಿನಾಗ ಆಕಿ ಹೆಸರಿನ ಮುಂದ
ನೆಟ್ಟಗೊಂದು ಗೆರಿ: ಏನಿಲ್ಲ.

ಇವತ್ತು ನಾನೊಬ್ಬಾಕಿ. ಕದ ಮುಂದ ಮಾಡಿ
ಜ್ವಾಳದ ಚೀಲಕ್ಕ ಹಣಿ ಹಚ್ಚಿ ಕುಂತಾಳ.
ಕುಪ್ಪಸದ ಕೆಳಗ, ಬೆನ್ನಿನ ಎಡಕ್ಕ,
ಅಂಗೈಯಷ್ಟಗಲ ಮಾಸಿದ ಮಚ್ಚಿ.
"ಎಷ್ಟು ದಿನಾತು?"
"ಸಣ್ಣ ಮಗ ಹುಟ್ಟಿದ್ದಿಲ್ಲ ಆಗ."
"ಯಾರಿಗೂ ಯಾಕ ಹೇಳಿಲ್ಲ?"
"ನೋವಿಲ್ಲ, ತುರಿಕಿಲ್ಲ. ಏನಂತ ಹೇಳ್ಲಿ?"

ಕಣ್ಣು ಮುಚ್ಚು, ಮುಟ್ಟಿದಾಗೊಮ್ಮೆ ಹ್ಞೂಂ ಅನ್ನು, ಅಂತ
ಬಾಲ್ ಪೆನ್ನಿನ ತುದಿ ಹಚ್ಚಿದೆ.
ಒಂದು. ಎರಡು. ನಡುವಿಗೆ, ಅಂಚಿಗೆ. ಏಳು ಸಲ.
ಹೊರಗ ಯಾವುದೋ ಟಂಟಂ ಹಾದು ಹೋಯ್ತು.
"ಶುರು ಮಾಡವ್ವ," ಅಂದ್ಳು ಸಾಬಮ್ಮ,
"ಹೊಲಕ್ಕ ಹೊತ್ತಾಗ್ತದ."

ಅದೇ ಪೆನ್ನಿನಿಂದ ಆಕಿ ಹೆಸರು ಬರೆದೆ.
ರೋಗದ ಹೆಸರಿನ ಜಾಗ
ಮನಿಗಿ ಹೋಗಿ ತುಂಬಿದೆ.

ಗುಳಗಿ ಪುಕ್ಕಟೆ. ತಿಂಗಳಿಗೊಂದು ಪಟ್ಟಿ, ಹನ್ನೆರಡು ತಿಂಗಳು.
ನಾಕನೇದು ತಿನ್ನದೇ ವಾಪಸ್ ತಂದ್ಳು:
"ಬೆನ್ನಿಂದು ಯಾರಿಗೂ ಕಾಣ್ತಿದ್ದಿಲ್ಲ.
ಗುಳಗಿ ತಿಂದು ಮಾರಿ ಕಪ್ಪಾಗ್ಯದ,
ನಳದ ಮುಂದ ಕೊಡ ಇಟ್ರ
ಬಾಜೂಕಿನ ಕೊಡ ಸರೀತದ."
ಕಪ್ಪು ಹೋಗ್ತದ, ಅಂದೆ.
ಯಾವಾಗ, ಅಂದ್ಳು.
ಟ್ರೇನಿಂಗಿನಾಗ ಇದನ್ನ ಯಾರೂ ಕೇಳಿದ್ದಿಲ್ಲ.

ಬಿಸಿಲಿಗಿ ಕಪ್ಪಾಗ್ಯದ ಅನ್ನು, ಸಾಬಮ್ಮ.
ಯಾದಗಿರಿ ಬಿಸಿಲು,
ಯಾರು ಇಲ್ಲಂತಾರ?

ನಗಲಿಲ್ಲ. ಪಟ್ಟಿ ಮಾತ್ರ
ಸೆರಗಿನ ತುದಿಗಿ ಕಟ್ಟಿಕೊಂಡ್ಳು,
ಎರಡು ಗಂಟು.