ಒಂಬತ್ತು ಸೆಂಟು

ಮೀನಿನ ಕಾರ್ಖಾನೆ ಮುಚ್ಚಿ ಎರಡನೆಯ ಚಳಿಗಾಲ.
ನ್ಯೂಫೌಂಡ್‌ಲ್ಯಾಂಡಿನ ತುದಿಯ ಊರು,
ಚರ್ಚಿನ ನೆಲಮಾಳಿಗೆಯಲ್ಲಿ ಹನ್ನೊಂದು ಕಂಪ್ಯೂಟರು,
ಹದಿನಾಲ್ಕು ಹೆಂಗಸರು, ಒಬ್ಬ ಸೈರಸ್.
ಎಡಕ್ಕೆ ಡೆಬಿಟ್, ಬಲಕ್ಕೆ ಕ್ರೆಡಿಟ್ ಅನ್ನುವ ಟೀಚರಮ್ಮ
ವರ್ನಾಳ ಮಗಳಿಗಿಂತ ಚಿಕ್ಕವಳು.

ಮಧ್ಯಾಹ್ನ ಫೋನಿನ ಪಾಠ.
ನಗು ದನಿಯಲ್ಲೇ ಕಾಣಬೇಕಂತೆ.
ಮೂವತ್ತು ವರ್ಷ ಯಂತ್ರದ ಗದ್ದಲ ಮೀರಿ ಕೂಗಿದ ಗಂಟಲು;
‘ಕ್ಷಮಿಸಿ, ತಮ್ಮ ಬಿಲ್ ನಂಬರು?’ ಅಂದರೆ
‘ಹಗ್ಗ ಎಸೆಯೋ!’ ಅಂದ ಹಾಗೆ ಕೇಳುತ್ತದೆ.
ಎಲ್ಲರೂ ನಕ್ಕರು. ವರ್ನಾಳೂ.

ಶುಕ್ರವಾರ ಪರೀಕ್ಷೆ.
ಇಲ್ಲದ ಅಂಗಡಿಯ ಇಲ್ಲದ ದುಡ್ಡು
ಒಂಬತ್ತು ಸೆಂಟು ತಾಳೆಯಾಗುತ್ತಿಲ್ಲ.
ಬಿಟ್ಟುಬಿಡೇ, ಅಂದಳು ಪಕ್ಕದ ಡಲ್ಸಿ,
ಅಷ್ಟಕ್ಕೆ ಯಾರು ಅಳುತ್ತಾರೆ?

ವರ್ನಾ ಹಾಳೆಯನ್ನು ಮೇಜಿನ ಮೇಲೆ ಹರವಿ
ಅಂಕಿಗಳ ಬೆನ್ನುದ್ದಕ್ಕೂ
ಹೆಬ್ಬೆರಳು ಸವರುತ್ತ ಇಳಿದಳು,
ಕಾಡ್ ಮೀನಿನ ಬಿಳಿ ತುಂಡಿನಲ್ಲಿ
ಕಣ್ಣಿಗೆ ಸಿಗದ ಮುಳ್ಳನ್ನು ಹುಡುಕುವ ಹಾಗೆ.

ಹತ್ತೊಂಬತ್ತನೆಯ ಸಾಲು. ಅಂಚೆ ಖರ್ಚು.
ನಲವತ್ತೈದು, ಐವತ್ತನಾಲ್ಕಾಗಿ ಕೂತಿತ್ತು.
‘ಇಲ್ಲಿದೆ’ ಅಂದಳು, ಈ ಸಲ ಮೆಲ್ಲಗೆ,
ಬೆರಳು ಒರೆಸಿಕೊಳ್ಳಲು ಕೈ
ಸೊಂಟಕ್ಕೆ ಹೋಯಿತು.

ಏಪ್ರನ್ ಇರಲಿಲ್ಲ.