ಮುಚ್ಚಳದ ಮೇಲಿನ ಕಲ್ಲು

ಕಲ್ಯೊ ನನಗೆ ಐವತ್ತು ಕ್ರೂನ್ ಕೊಡಬೇಕಿತ್ತು.
ಕೊಟ್ಟದ್ದು ಇದನ್ನು:
ಉಪ್ಪಿನಕಾಯಿ ಜಾಡಿಯ ತಳದಲ್ಲಿ
ಪೆನ್ಸಿಲಿನಷ್ಟು ಉದ್ದವೂ ಇಲ್ಲದ ಒಂದು ಬಳುಕು.
ವೊರ್ಟ್ಸ್ಯಾರ್ವ್ ಸರೋವರದ ಬಲೆಗೆ ತಪ್ಪಿ ಸಿಕ್ಕಿದ್ದಂತೆ.
"ಮಾರಿದರೆ ದಂಡ, ತಿಂದರೆ ಹಲ್ಲಿನ ಸಂದಿಗೂ ಸಾಲದು,
ಇಟ್ಟುಕೋ," ಅಂದ.

ಇಟ್ಟುಕೊಂಡೆ.
ಕ್ರೂನ್ ಹೋಗಿ ಯೂರೋ ಬಂತು.
ಗಂಡ ಹೋದ, ಯಾರೂ ಬರಲಿಲ್ಲ.
ಹಾವುಮೀನು ಮಾತ್ರ ಬೆಳೆಯಿತು,
ಮೊದಲು ಗೇಣು, ಆಮೇಲೆ ಮೊಳ,
ಆಮೇಲೆ ಮೊಳದ ಮೇಲೊಂದು ಗೇಣು.

ವಿಲ್ಯಾಂಡಿಯ ನಾಲ್ಕನೇ ಮಹಡಿ,
ಸೋಫಾ ಇರಬೇಕಾದ ಜಾಗದಲ್ಲಿ ಗಾಜಿನ ತೊಟ್ಟಿ,
ತೊಟ್ಟಿಯಲ್ಲಿ ನಲ್ಲಿ ರಿಪೇರಿಯವ ಬಿಟ್ಟುಹೋದ ತುಂಡು ಪೈಪು.
ಹಗಲೆಲ್ಲ ಪೈಪಿನ ಬಾಯಲ್ಲಿ ಒಂದು ಮೂತಿ,
ಎರಡು ಸಾಸಿವೆ ಕಣ್ಣು.
ಬಂದವರು ಬಗ್ಗಿ ನೋಡಿ, "ಖಾಲಿಯಾ?" ಎನ್ನುತ್ತಿದ್ದರು.
ಹೂಂ ಅನ್ನುತ್ತಿದ್ದೆ. ವಿವರಿಸಿ ಯಾರಿಗೇನು.

ನನ್ನದು ಬೇಕರಿಯ ರಾತ್ರಿಪಾಳಿ, ಕಪ್ಪು ರೊಟ್ಟಿಯ ಹಿಟ್ಟು.
ಬೆಳಗಿನ ಜಾವ ಬಂದು
ಹುಳಿವಾಸನೆಯ ಕೈ ತೊಳೆಯದೆ ಎರೆಹುಳ ಹಿಡಿದರೆ
ಪೈಪಿನಿಂದ ಎಣ್ಣೆ ಸುರಿದ ಹಾಗೆ ಇಳಿದು ಬಂದು
ಬೆರಳನ್ನೂ ಒಮ್ಮೆ ಬಾಯಲ್ಲಿಟ್ಟು ನೋಡಿ ಬಿಡುತ್ತಿತ್ತು,
ಇದು ತಿನ್ನುವಂಥದ್ದಲ್ಲ ಅಂತ.
ಅಷ್ಟು ಸಲಿಗೆ. ಅದಕ್ಕಿಂತ ಹೆಚ್ಚು ಕೇಳಿದವಳಲ್ಲ.

ಒಂದೇ ಜಾಗ್ರತೆ: ಮುಚ್ಚಳ.
ಬೆರಳು ತೂರುವಲ್ಲಿ ಅದು ತೂರುತ್ತದೆ.
ಸಂದಿಗಳಿಗೆ ಟೇಪು ಹಚ್ಚಿ
ಅಜ್ಜಿ ಹುಳಿಕೋಸು ಅದುಮುತ್ತಿದ್ದ ಕಲ್ಲು ಹೇರಿದ್ದೆ.

ಈ ಅಕ್ಟೋಬರಿನಲ್ಲಿ ಅದು ಹುಳ ಮುಟ್ಟಲಿಲ್ಲ.
ಹೊಟ್ಟೆಯ ಹಳದಿ ಅಳಿಸಿ ಕಲಾಯಿ ಹಾಕಿದ ಬಿಳುಪು.
ಸಾಸಿವೆ ಕಣ್ಣು ಮೆಣಸಾಗಿ, ಬಟಾಣಿಯಾಗಿ,
ಎಲ್ಲೋ ಕತ್ತಲಲ್ಲಿ ನೋಡುವ ಕೆಲಸ ಇರುವವರ ಕಣ್ಣು.
ಕೆಳಮನೆಯ ಹೆಲ್ವೆ ಮೆಟ್ಟಿಲಲ್ಲಿ ತಡೆದು ಕೇಳಿದಳು,
"ನೀನಿಲ್ಲದಾಗ ನಿನ್ನ ಮನೆಯಲ್ಲಿ ಯಾರು ಧಪ್ ಧಪ್ ಅನ್ನುವುದು?"

ಒಂದು ಮುಂಜಾನೆ ಕಲ್ಲು ಇದ್ದಲ್ಲೇ ಇತ್ತು,
ಟೇಪು ಮಾತ್ರ ಒಂದು ಮೂಲೆ ಎದ್ದಿತ್ತು.
ಪೈಪು ಖಾಲಿ. ಈ ಸಲ ನಿಜವಾಗಿ ಖಾಲಿ.
ಬಾಗಿಲ ಬಳಿ, ನನ್ನ ಬೂಟುಗಳ ನಡುವೆ ಸಿಕ್ಕಿತು:
ಮೈತುಂಬ ಧೂಳು, ಉಣ್ಣೆಯ ಎಳೆ, ಒಂದು ಹಳೆಯ ಬಸ್ ಟಿಕೆಟ್ಟು.
ಸತ್ತಿದೆ ಅಂದುಕೊಂಡು ಒದ್ದೆ ಟವೆಲಿನಲ್ಲಿ ಎತ್ತಿದೆ.
ಮಣಿಕಟ್ಟಿಗೆ ಸುತ್ತಿಕೊಂಡಿತು,
ರಕ್ತದೊತ್ತಡ ಅಳೆಯುವ ಪಟ್ಟಿಯ ಹಾಗೆ.

ಕಲ್ಯೊಗೆ ಫೋನು ಮಾಡಿದೆ.
"ಅದಕ್ಕೆ ಸಮುದ್ರದ ಹೊತ್ತಾಯಿತು."
"ಸರೋವರಕ್ಕೇ ಬಿಟ್ಟರೆ?"
"ನಾರ್ವಾವರೆಗೆ ಹೋಗುತ್ತದೆ.
ಅಲ್ಲಿ ವಿದ್ಯುತ್ತಿನ ಕಟ್ಟೆ, ಚಕ್ರ, ಚೂರು.
ಇವನ್ನೆಲ್ಲ ಗಾಜಿನೆಳೆಯಂಥ ಮರಿಗಳಿದ್ದಾಗ
ವಿಮಾನದಲ್ಲಿ ತಂದು ಸುರಿದದ್ದು.
ಬರಲೇ ದಾರಿಯಿರಲಿಲ್ಲ, ಹೋಗಲು ಎಲ್ಲಿಂದ?"
ಸ್ವಲ್ಪ ತಡೆದು,
"ಆ ಐವತ್ತು ಬೇಕಾದರೆ ಈಗ ಕೊಡುತ್ತೇನೆ."
ಕ್ರೂನಿನಲ್ಲಾ ಅಂತ ಕೇಳಿದೆ. ನಕ್ಕ, ಕೆಮ್ಮಿದ.

ಹಾಗಾಗಿ ಪ್ಯಾರ್ನುವಿನ ಬಸ್ಸು.
ತೊಡೆಯ ಮೇಲೆ ಬೇಕರಿಯ ಜ್ಯಾಮಿನ ಬಕೆಟ್ಟು,
ಮುಚ್ಚಳಕ್ಕೆ ಮೊಳೆಯಲ್ಲಿ ಹೊಡೆದ ತೂತು.
"ಏನದು?" ಡ್ರೈವರು.
"ಹುದುಗು," ಅಂದೆ. "ಉಸಿರಾಡದಿದ್ದರೆ ಕೆಡುತ್ತದೆ."
ಪೂರ್ತಿ ಸುಳ್ಳಲ್ಲ.

ಕೊಯ್ದ ಹೊಲಗಳು, ಬರ್ಚ್ ಮರಗಳು, ಮಧ್ಯಾಹ್ನಕ್ಕೇ ಮಬ್ಬು.
ಹದಿನಾಲ್ಕು ವರ್ಷ ನಾನೇ ಹೊತ್ತುಹಾಕಿದ ನೀರು,
ನಾನೇ ಹೇರಿದ ಕಲ್ಲು.
ಯಾವುದಕ್ಕೆ ಯಾವುದು ವಜಾ, ತಿಳಿಯುವುದಿಲ್ಲ.
ಬಸ್ಸು ತಿರುವಿಗೆ ವಾಲಿದಾಗಲೆಲ್ಲ
ಬಕೆಟ್ಟಿನೊಳಗೆ ಅದೂ ಹೊರಳಿ
ಮತ್ತೆ ಅದೇ ದಿಕ್ಕಿಗೆ ತಲೆಯಿಡುವುದು
ಪ್ಲಾಸ್ಟಿಕ್ಕಿನಾಚೆಯಿಂದ ಅಂಗೈಗೆ ತಾಕುತ್ತಿತ್ತು,
ಪಡುವಣಕ್ಕೆ, ಪಡುವಣಕ್ಕೆ.
ಭ್ರಮೆಯೂ ಇರಬಹುದು,
ರಾತ್ರಿಪಾಳಿಯವಳಿಗೆ ತೂಕಡಿಕೆ ಬಂದಿರಬಹುದು.
ತೂತುಗಳಿಂದ ನೀರು ತುಳುಕಿ
ಮೊದಲು ಬಲ ಮೊಣಕಾಲು ನೆನೆಯಿತು,
ಆಮೇಲೆ ಎಡ.
ಮುಂದೆ ಯಾರೋ ಕಿಟಕಿ ಸರಿಸಿದರು.
ಉಪ್ಪಿನ ವಾಸನೆ ನನಗಿನ್ನೂ ಬಂದಿರಲಿಲ್ಲ.