ಗುರುತಿನ ಮಸಿ

ಸರ್ಕಾರ ಎಂದರೆ ನನಗೆ ನಲವತ್ತೊಂದು ಅಂಗಿ.
ಭಾನುವಾರ ಒಮ್ಮೆ, ಬುಧವಾರ ಒಮ್ಮೆ,
ಕೊಲ್ಲಿಯ ಮೂಲೆಯ ಈ ಉಮ್ ಖಸ್ರ್ ಬಂದರಿನಲ್ಲಿ
ಠಾಣೆಯಿಂದ, ಸುಂಕದ ಕಟ್ಟೆಯಿಂದ ಗಂಟು ಕಟ್ಟಿ ಬರುತ್ತಿತ್ತು,
ಕಂಕುಳಲ್ಲಿ ಬೆವರುಪ್ಪಿನ ಬಿಳಿ ನಕಾಶೆ ಹೊತ್ತು.
ಗಂಜಿ ಜಾಸ್ತಿ ಹಾಕು, ಅನ್ನುತ್ತಿದ್ದ ಫಾಲಿಹ್.
"ಕಾಲರ್ ನೆಟ್ಟಗಿದ್ದರೆ ಲಾರಿಗಳು ನಿಲ್ಲುತ್ತವೆ,
ಇಲ್ಲದಿದ್ದರೆ ನಾನು ಬರೀ ಕೈ ಬೀಸುವ ಮನುಷ್ಯ."

ಹೊಸ ಮಂತ್ರಿಮಂಡಲ ಆಗ
ಏಳು ತಿಂಗಳಾದರೂ ಕತ್ತು ನಿಲ್ಲದ ಕೂಸು.

ಮೊದಲ ಸ್ಫೋಟ ಸುಂಕದ ಕಟ್ಟೆಯ ಸರದಿಯಲ್ಲಿ.
ನನ್ನ ಕಿಟಕಿಯ ಗಾಜು ಬಿರಿಯಿತು, ಅಷ್ಟೆ.
ಸಂಜೆ ಅಧಿಕಾರಿಯೊಬ್ಬ ಕಾಲರಿನ ತುಂಡೊಂದನ್ನು ತಂದ.
ಒಳಮಗ್ಗುಲಲ್ಲಿ ನನ್ನದೇ ಕೈಯ ಕೇರಿನ ಮಸಿ: ೧೭.
ಅವರ ಹಾಜರಿ ಪುಸ್ತಕ ಸುಟ್ಟುಹೋಗಿತ್ತು.
ಹೆಸರು ಉಳಿದದ್ದು
ಬೈಂದೂರಿನ ಮಡಿವಾಳನ ಕನ್ನಡದ ವಹಿಯಲ್ಲಿ.
"ಹದಿನೇಳು, ಮಿಜ್ಬಾನ್," ಎಂದೆ. "ಎರಡು ಪ್ಯಾಂಟು ಬಾಕಿ."
ಯಾಕೆ ಹಾಗೆಂದೆನೋ.

ಆಮೇಲೆ ಗಂಟು ಸಣ್ಣದಾಯಿತು.
ಯಾರೂ ರಾಜೀನಾಮೆ ಕೊಡಲಿಲ್ಲ; ಅಂಗಿ ಬರಲಿಲ್ಲ.
ಮೂವತ್ತಮೂರು. ಇಪ್ಪತ್ತು.
ಎರಡನೆಯ ಸ್ಫೋಟ; ಹನ್ನೊಂದು.
ಫಾಲಿಹ್ ಮಾತ್ರ ಅಂಗಿಯನ್ನು ಅಕ್ಕಿಚೀಲದಲ್ಲಿ ತಂದು
ನನ್ನ ಪರದೆಯ ಹಿಂದೆ ತೊಟ್ಟು ಡ್ಯೂಟಿಗೆ ಹೋಗುವನು,
ಸಂಜೆ ಕಳಚಿಟ್ಟು, ಮೀನು ಮಾರುವವನಾಗಿ ಮನೆಗೆ.
"ಗಂಜಿ ಬೇಡ ಇನ್ನು," ಅಂದ ಒಂದು ದಿನ,
"ಮಡಚಿದರೆ ಸದ್ದಾಗುತ್ತದೆ."

ಸರ್ಕಾರ ಬಿದ್ದದ್ದನ್ನು ನಾನಂತೂ ಕಾಣೆ.
ಕಾಗದಕ್ಕೆ ಸೀಲು ಬೇಕಾದವರು ಕೆಲವು ದಿನ ಕಾದರು,
ನಂತರ ಟಯರ್ ಅಂಗಡಿಯ ಓಣಿಗೆ ಹೊರಳಿದರು.
ಅಲ್ಲಿ ಸೀಲಿತ್ತು, ಚಹಾ ಇತ್ತು, ಸರದಿಯಲ್ಲಿ ಭಯವಿರಲಿಲ್ಲ.
ಹೇಗಿದ್ದೀತು?
ಭಯ ತಯಾರಾಗುತ್ತಿದ್ದದ್ದೇ ಅದರ ಹಿತ್ತಲಲ್ಲಿ.

ಈ ಬುಧವಾರ ಗಂಟು ದೊಡ್ಡದು. ಕರಿ ಅಂಗಿ ಅರವತ್ತು,
ಬಿಲ್ಲೆಯಿಲ್ಲ, ಹೆಸರಿಲ್ಲ, ಮುಂಗಡ ಡಾಲರಿನಲ್ಲಿ.
ತಂದ ಹುಡುಗನಿಗೆ ಮೀಸೆ ಇನ್ನೂ ಕೂಡಿಕೊಂಡಿಲ್ಲ.
ನನ್ನ ವಹಿ ತಿರುವಿದ, ತಲೆಕೆಳಗಾಗಿ ಹಿಡಿದು.
"ಇದ್ಯಾವ ಭಾಷೆ? ನೀಲಿ ಅಂಗಿಯವರ ಹೆಸರು ಓದು."
ಇಸ್ತ್ರಿಪೆಟ್ಟಿಗೆ ಕೈಯಲ್ಲಿ ಉಸ್ಸೆನ್ನುತ್ತಿತ್ತು.
ಓದಿದೆ:
ಶಿರೂರು, ಬೈಂದೂರು, ಉಪ್ಪುಂದ,
ನಾವುಂದ, ಮರವಂತೆ, ತ್ರಾಸಿ...
ಬಸ್ಸಿನ ಕಂಡಕ್ಟರನ ಹಾಗೆ, ಒಂದೂ ನಿಲ್ದಾಣ ಬಿಡದೆ.
ಅವನು ಬರೆದುಕೊಂಡ, ಬಲದಿಂದ ಎಡಕ್ಕೆ, ಬಲು ಶ್ರದ್ಧೆಯಿಂದ.

ಪರದೆಯ ಹಿಂದೆ
ಅಕ್ಕಿಚೀಲ ಸದ್ದು ಮಾಡಲಿಲ್ಲ.